ಮಂಚಮ್ಮನ ಶೆಡ್ಡಿನ ಮುನ್ನೂರು ಹುಂಜ

ಕಂತು ಐದು

"ಇಡ್ಕಳಿ ಸಾ, ಕಚ್ಚಾಕಿಲ್ಲ ಅದು."

ಹೆಡ್ ಕಾನ್ಸ್‌ಟೇಬಲ್ ಮಹಾದೇವಸ್ವಾಮಿ ಕೈ ಹಿಂದಕ್ಕೆಳೆದುಕೊಂಡ. ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಮಚ್ಚು ಬೀಸಿದವನನ್ನು ಹಿಡಿದಿದ್ದ, ಕುಡಿದು ಟ್ರಾನ್ಸ್‌ಫಾರ್ಮರ್ ಹತ್ತಿದವನನ್ನು ಹಿಡಿದು ಇಳಿಸಿದ್ದ. ಕೋಳಿಮರಿಯನ್ನು ಮಾತ್ರ ಹಿಡಿದಿರಲಿಲ್ಲ. ಸುತ್ತೂರಿನ ಅವನ ಮನೆಯಲ್ಲಿ ಕೋಳಿ ಸಾಕುವ ಪದ್ಧತಿ ತಾತನ ಕಾಲದಿಂದಲೂ ಇಲ್ಲ. ಕೋಳಿಯ ಪರಿಚಯವೆಂದರೆ ಪಕ್ಕದ ಬೀದಿಯಿಂದ ಬೆಳಗಿನ ಜಾವ ಕೇಳುವ ಕೂಗು, ಅಷ್ಟೇ.

ಮಂಚಮ್ಮ ಕೇಳುವ ಪೈಕಿಯವಳಲ್ಲ. ಮರಿಯನ್ನು ತಂದು ಟಿ. ನರಸೀಪುರ ಠಾಣೆಯ ಮೇಜಿನ ಮೇಲೆ, ಸರಿಯಾಗಿ ದೂರಿನ ಹಾಳೆಯ ನಡುವೆ ನಿಲ್ಲಿಸಿದಳು. ಮರಿ ಸುತ್ತ ಒಮ್ಮೆ ನೋಡಿತು. ಆಮೇಲೆ 'ಸದರಿ ಆರೋಪಿಯು' ಎಂಬ ಎರಡು ಪದಗಳ ಮೇಲೆ ನಿರಾಳವಾಗಿ ತನ್ನ ಕೆಲಸ ಮುಗಿಸಿತು.

ಇಪ್ಪತ್ತೈದು ದಿನಗಳ ಹಿಂದೆ ನಂಜನಗೂಡಿನ ಹ್ಯಾಚರಿಯಿಂದ ಮೂಗೂರಿನ ಮಂಚಮ್ಮನ ಮಹಿಳಾ ಸಂಘಕ್ಕೆ ಮುನ್ನೂರು ಹೆಣ್ಣುಮರಿ ಹೊರಟಿದ್ದವು; ಈಗ ಅವಳ ಶೆಡ್ಡಿನಲ್ಲಿ ಇರುವುದೆಲ್ಲ ಗಂಡು, ಅವನ್ನು ವ್ಯಾನಿನಲ್ಲಿ ತಂದವನು ಅವಳ ಮಗಳು ಲಿಖಿತಾಳ ಕೈಹಿಡಿದು ಅಳಿಯನಾಗಲಿರುವ ಕಿರಣ್, ಮತ್ತು ಅವನ ಮೇಲೆ ದೂರು ಕೊಟ್ಟವಳು ಸ್ವತಃ ಅವಳೇ.

"ಗಂಡು ಅಂತ ಹೇಗೆ ಹೇಳ್ತೀರಿ ಮಂಚಮ್ಮ?" ಮಹಾದೇವಸ್ವಾಮಿ ಹಾಳೆ ಒರೆಸುತ್ತ ಕೇಳಿದ. "ಇನ್ನೂ ಜುಟ್ಟಿಲ್ಲ, ಕೂಗಿಲ್ಲ. ಕೋರ್ಟಲ್ಲಿ ವಕೀಲರು ಕೇಳಿದ್ರೆ ನಾನೇನು ಹೇಳ್ಲಿ?"

ಮಂಚಮ್ಮ ಬುಟ್ಟಿಯೊಳಗೆ ಕೈ ಹಾಕಿ ಇನ್ನೊಂದು ಮರಿ ತೆಗೆದು ಪಕ್ಕದಲ್ಲಿ ನಿಲ್ಲಿಸಿದಳು.

"ಇದು ನಮ್ಮ ನಾಟಿಕೋಳಿ ಮರಿ. ಯಾಟೆ. ಎಣ್ಣು. ಎಲ್ಡಕ್ಕೂ ಒಂದೇ ವಯಸ್ಸು. ಈಗ ನೀವೇ ನೋಡಿ ಏಳಿ."

ಮಹಾದೇವಸ್ವಾಮಿ ಕನ್ನಡಕ ಏರಿಸಿ, ಕೈ ತಾಗದಷ್ಟು ದೂರದಿಂದ ಬಗ್ಗಿ ನೋಡಿದ. ನಾಟಿಮರಿಗೆ ಬೀಸಣಿಗೆಯಂಥ ಪುಟ್ಟ ಬಾಲ ಬಂದಿತ್ತು. ಬೆನ್ನು, ಭುಜ ಎಲ್ಲ ಪುಕ್ಕ ಮುಚ್ಚಿತ್ತು. ದೂರಿನ ಮರಿಗೆ ಬಾಲದ ಜಾಗದಲ್ಲಿ ಒಂದು ಮೊಂಡು. ಬೆನ್ನಿನ ಮೇಲೆ ತುಪ್ಪಳ ಉದುರಿ ಕೆಂಪು ಚರ್ಮ ಕಾಣುತ್ತಿತ್ತು.

"ಯಾಟೆಗೆ ಮೂರು ವಾರಕ್ಕೇ ಸೆರಗು ಒದ್ದಂಗೆ ಮೈ ತುಂಬ್ಕತದೆ ಸಾ. ಉಂಜ ಇನ್ನೂ ಬರೀ ಮೈಲಿ ಓಡಾಡ್ಕಂಡಿರ್ತದೆ. ಗಂಡುಸ್ರಿಗೆ ಪುಕ್ಕ ತಡ. ಸತ್ತವ ಬುಟ್ಟು ಇನ್ನೂರ ತೊಂಬತ್ತೆರಡು ಅವೆ ಶೆಡ್ನಲ್ಲಿ. ಒಂದೊಂದ್ನೂ ಇಡ್ದು ನೋಡಿವ್ನಿ. ಒಂದ್ಕೂ ಬಾಲ ಇಲ್ಲ."

ಮಹಾದೇವಸ್ವಾಮಿ ಡೈರಿಯಲ್ಲಿ ಬರೆದುಕೊಂಡ: ಬಾಲ ಉಂಟು, ಹೆಣ್ಣು. ಬಾಲ ಮೊಂಡು, ಗಂಡು. ಕೇಸು ಇಷ್ಟು ಸರಳವಾಗಿದ್ದರೆ ಇನ್ಸ್‌ಪೆಕ್ಟರು ತನಗೆ ದಾಟಿಸುತ್ತಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

"ಎಂಟು ಜನ ಎಣ್ಮಕ್ಕಳು ನನ್ನ ಮಾತು ನಂಬಿ ಮರಿ ತರ್ಸವ್ರೆ ಸಾ," ಮಂಚಮ್ಮನ ದನಿ ಸ್ವಲ್ಪ ಇಳಿಯಿತು. "ನೆನ್ನೆ ಸಾಕಮ್ಮ ಎಲ್ರ ಮುಂದೆ ಕೇಳ್ತಾವ್ಳೆ, 'ಮಂಚಕ್ಕ, ಉಂಜ ದಿನಕ್ಕೆ ಎಷ್ಟು ಮೊಟ್ಟೆ ಇಕ್ತದೆ' ಅಂತ. ನಾನು ಎಲ್ಲಿ ಮಕ ಇಟ್ಕಳ್ಳಿ?"

"ಸರಿ. ಆದ್ರೆ ಅಳಿಯ ಆಗೋನ ಮೇಲೆ ದೂರು ಅಂದ್ರೆ... ಹತ್ತು ದಿನಕ್ಕೆ ಮದುವೆ ಅಂತೀರಿ."

"ಅದ್ಕೇ ಸಾ. ಮದ್ವೆ ಆದ್ಮೇಲೆ ಗೊತ್ತಾದ್ರೆ ಅಳಿಯ ಅಂತ ಮುಚ್ಚಾಕ್ಬೇಕಾಯ್ತದೆ. ಈಗ ಗೊತ್ತಾದ್ರೆ ಬರೀ ಕಳ್ಳ."

ಮಹಾದೇವಸ್ವಾಮಿ ಡೈರಿ ಎತ್ತಿಕೊಂಡು ಎದ್ದ.

ಆರೋಪಿ ಹೊರಗೆ ಬೆಂಚಿನ ಮೇಲೆ ಕೂತಿದ್ದ. ಮೂವತ್ತರ ಹತ್ತಿರದ ಕಟ್ಟುಮಸ್ತಾದ ಆಳು. ತಲೆಯ ಮೇಲೆ ಕಿವಿಯವರೆಗೆ ಎಳೆದ ನೀಲಿ ಟೋಪಿ.

"ಆವತ್ತು ಬೆಳಿಗ್ಗೆ ಆರಕ್ಕೆ ನೀನು ನಂಜನಗೂಡು ಬಿಟ್ಟೆ. ಮೂಗೂರು ಮುಟ್ಟಿದ್ದು ಹತ್ತಕ್ಕೆ. ಒಂದೂವರೆ ಗಂಟೆ ದಾರಿ ಕಣೋ ಅದು."

"ಪಂಚರ್ ಆಗಿತ್ತು ಸಾ."

"ಮೊನ್ನೆ ದನ ಅಡ್ಡ ಬಂದ್ವು ಅಂದೆ."

"ಪಂಚರ್ ಹಾಕ್ಸ್ಕಂಡು ಬರೋವಾಗ ದನ ಬಂದ್ವು ಸಾ."

"ಎರಡೂವರೆ ಗಂಟೆ ರಸ್ತೇಲಿ ನಿಂತಿರೋಕೆ ಅವು ದನಾನೋ, ಧರಣಿ ಕೂತ ಸಂಘದೋರೋ?"

ಕಿರಣ್ ಟೋಪಿಯನ್ನು ಇನ್ನೊಂದು ಬೆರಳು ಕೆಳಕ್ಕೆಳೆದು ನೆಲ ನೋಡಿದ. ಏನೋ ಮುಚ್ಚಿಡುತ್ತಿದ್ದಾನೆ ಎಂಬುದಕ್ಕೆ ಪೊಲೀಸ್ ಟ್ರೈನಿಂಗ್ ಬೇಕಾಗಿರಲಿಲ್ಲ.

ನಂಜನಗೂಡಿಗೆ ಹೋಗಿ ಹ್ಯಾಚರಿಯವನನ್ನೇ ವಿಚಾರಿಸಬೇಕಿತ್ತು. ಠಾಣೆಯ ಜೀಪು ಬಂದೋಬಸ್ತಿಗೆ ಹೋಗಿತ್ತು. ಬಸ್ಸು ಆಗಷ್ಟೇ ಹೊರಟಿತ್ತು. ಕೊನೆಗೆ ಆರೋಪಿಯ ವ್ಯಾನಿನಲ್ಲೇ, ಆರೋಪಿಯೇ ಓಡಿಸುತ್ತ, ದೂರುದಾರಳು ಮತ್ತು ತನಿಖಾಧಿಕಾರಿ ಒಂದೇ ಸೀಟಿನಲ್ಲಿ ಹೊರಟರು. ಸಾಕ್ಷ್ಯದ ಬುಟ್ಟಿ ಮಹಾದೇವಸ್ವಾಮಿಯ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ಮಾತಾಡಿದ್ದು ಸಾಕ್ಷ್ಯ ಮಾತ್ರ.

* * *

ಹ್ಯಾಚರಿಯ ರಾಜೇಂದ್ರ ತಲೆ ಎತ್ತಲಿಲ್ಲ. ಐವತ್ತೈದರ ಸಣಕಲು ಮನುಷ್ಯ. ಮುಂದೆ ಆಗಷ್ಟೇ ಮೊಟ್ಟೆಯೊಡೆದು ಬಂದ ಮರಿಗಳ ಟ್ರೇ. ಒಂದು ಮರಿ ಎತ್ತುವುದು, ಹೆಬ್ಬೆರಳಿನಿಂದ ರೆಕ್ಕೆಯನ್ನು ಮಡಿಸಿದ ವೀಳ್ಯದೆಲೆ ಬಿಡಿಸಿದಂತೆ ಬಿಡಿಸುವುದು, ಒಂದು ನೋಟ, ಎಡಕ್ಕೋ ಬಲಕ್ಕೋ ಬಿಡುವುದು. ಒಂದು ಮರಿಗೆ ಒಂದು ಉಸಿರು.

"ಮುನ್ನೂರು ಗಂಡುಮರಿ ಕಟ್ಟಿ ಕಳ್ಸಿದ ಮಾರಾಯ ನೀನೇ ಏನಪ್ಪ?" ಮಂಚಮ್ಮ ಬಾಗಿಲಲ್ಲೇ ಶುರುಮಾಡಿದಳು.

"ಫೋನಲ್ಲಿ ಬೈದು ಕಟ್ ಮಾಡಿದ ತಾಯಿ ನೀವೇ ಏನಮ್ಮ?" ರಾಜೇಂದ್ರನ ಕೈ ನಿಲ್ಲಲಿಲ್ಲ. "ಇಪ್ಪತ್ತು ವರ್ಷದಿಂದ ರೆಕ್ಕೆ ನೋಡ್ತಿದೀನಿ. ನೂರಕ್ಕೆ ಎರಡು ತಪ್ಪಬಹುದು. ಮುನ್ನೂರಕ್ಕೆ ಮುನ್ನೂರು ತಪ್ಪೋಕೆ ಸಾಧ್ಯವೇ ಇಲ್ಲ. ಕಣ್ಣು ಮುಚ್ಕೊಂಡು ಎತ್ತಿ ಹಾಕಿದ್ರೂ ಅರ್ಧ ಸರಿಯಾಗ್ತಿತ್ತು!"

ಮಹಾದೇವಸ್ವಾಮಿಯ ಪೆನ್ನು ನಿಂತಿತು. ಹೌದಲ್ಲ. ಇದು ಯಾರದೋ ಕೈತಪ್ಪಲ್ಲ. ಒಂದೂ ತಪ್ಪದಂತೆ ತಪ್ಪಿಸಬೇಕಾದರೆ ಯಾರೋ ಬೇಕೆಂದೇ ಮಾಡಿರಬೇಕು.

"ಒಂದಿನದ ಮರೀಲಿ ಎಣ್ಣು ಗಂಡು ಏಳಾಕೆ ದೇವ್ರಿಗೂ ಆಗಾಕಿಲ್ಲ," ಎಂದಳು ಮಂಚಮ್ಮ. "ಓಗಿ ಆ ನಂಜುಂಡೇಶ್ವರನ್ನೇ ಕೇಳು. ಮೂರು ವಾರ ತಡ್ಕಳವ್ವ ಅಂತಾನೆ."

ಆಗ ರಾಜೇಂದ್ರ ತಲೆ ಎತ್ತಿದ. ಕಣ್ಣಲ್ಲಿ ಕೋಪಕ್ಕಿಂತ ಹೆಚ್ಚಾಗಿ ಮೇಷ್ಟರ ಉತ್ಸಾಹವಿತ್ತು. "ಸಾರ್, ಇಲ್ಲಿ ಬನ್ನಿ. ಕೈ ಚಾಚಿ."

ಮಹಾದೇವಸ್ವಾಮಿ ಬೇಡವೆನ್ನುವಷ್ಟರಲ್ಲಿ ಅಂಗೈಯಲ್ಲಿ ಮರಿ ಕೂತಿತ್ತು. ಬೆಚ್ಚಗಿತ್ತು. ಒಂದು ಲಿಂಬೆಹಣ್ಣಿನಷ್ಟೂ ಭಾರವಿಲ್ಲ. ಅದರ ಎದೆ ಅವನ ಬೆರಳಿಗೆ ಡವಡವ ಬಡಿಯುತ್ತಿತ್ತು, ಇಷ್ಟು ಸಣ್ಣ ಮೈಯಲ್ಲಿ ಅಷ್ಟು ದೊಡ್ಡ ಅವಸರ.

"ರೆಕ್ಕೆ ಬಿಡಿಸಿ. ಎರಡು ಸಾಲು ಪುಕ್ಕದ ಮೊಳಕೆ ಕಾಣುತ್ತಾ? ಕೆಳಗಿನ ಸಾಲು ಉದ್ದ, ಮೇಲಿನದು ಗಿಡ್ಡ ಇದ್ರೆ ಹೆಣ್ಣು. ಎರಡೂ ಕತ್ತರಿಸಿದ ಹಾಗೆ ಸಮ ಇದ್ರೆ ಗಂಡು. ಈ ತಳಿಯಲ್ಲಿ ಮಾತ್ರ, ಅದೂ ಮೊದಲ ದಿನ ಮಾತ್ರ. ಮೂರನೇ ದಿನಕ್ಕೆ ಗುಟ್ಟು ಮುಚ್ಚಿಹೋಗುತ್ತೆ."

ಮಹಾದೇವಸ್ವಾಮಿ ಉಸಿರು ಹಿಡಿದು ರೆಕ್ಕೆ ಬಿಡಿಸಿದ. ಸೂಜಿಮೊನೆಯಂಥ ಕಡ್ಡಿಗಳು. ಒಂದುದ್ದ, ಒಂದು ಗಿಡ್ಡ. ಒಂದುದ್ದ, ಒಂದು ಗಿಡ್ಡ.

"ಹೆಣ್ಣು?"

"ಹೆಣ್ಣೇ. ಭೇಷ್."

ಎಎಸ್ಐ ಬಡ್ತಿ ತಪ್ಪಿದ ಮೇಲೆ ಯಾರೂ ಅವನಿಗೆ ಭೇಷ್ ಅಂದಿರಲಿಲ್ಲ. ಮರಿಯನ್ನು ಕೆಳಗಿಡಲು ಮನಸ್ಸಾಗದೆ ಅಂಗೈಯಲ್ಲೇ ಇಟ್ಟುಕೊಂಡ.

ಮಂಚಮ್ಮ ಮಾತ್ರ ಸೋಲಲಿಲ್ಲ. "ಒಂದ್ನ ತೋರ್ಸಿ ಊರ್ನೆಲ್ಲ ನಂಬ್ಸಾಕೆ ಬರಬ್ಯಾಡ. ನಮ್ಮ ಮರಿಗಳ ಜೊತೆ ಉಟ್ಟಿದ್ದು ಬೇರೆ ಇದ್ರೆ ತೋರ್ಸು. ಮೂರು ವಾರ ಬೆಳ್ದಿರೋವು."

"ಇವೆ. ಅದೇ ದಿನದ್ದು ನಲವತ್ತು ಹೆಣ್ಣು ನನಗಂತ ಇಟ್ಕೊಂಡಿದೀನಿ. ಬನ್ನಿ."

ಹಿಂದಿನ ಶೆಡ್ಡಿನಲ್ಲಿ ಮರಿಗಳು ಓಡಾಡುತ್ತಿದ್ದವು. ಮಂಚಮ್ಮ ಸೀರೆ ಎತ್ತಿಕಟ್ಟಿ ಕುಕ್ಕರುಗಾಲಿನಲ್ಲಿ ಕೂತಳು. ಒಂದೊಂದನ್ನೇ ಹಿಡಿದು ಬಾಲ ನೋಡಿದಳು, ಬೆನ್ನು ಸವರಿದಳು, ಭುಜದ ಮೇಲೆ ಊದಿದಳು. ಯಾಟೆ. ಯಾಟೆ. ಯಾಟೆ. ಮುಖ ಬರುಬರುತ್ತ ಕಪ್ಪಿಡುತ್ತಿತ್ತು. ಇಪ್ಪತ್ತೇಳನೆಯದಕ್ಕೆ ನಿಂತಳು.

"ಇದು ಗಂಡು. ಯಾಕ್ ಬುಟ್ಟಿದ್ದೀಯ ಇದ್ನ ಇಲ್ಲಿ?"

ರಾಜೇಂದ್ರ ಮೊದಲ ಬಾರಿಗೆ ನಕ್ಕ. "ನಿಮ್ಮನ್ನ ಪರೀಕ್ಷೆ ಮಾಡೋಕೆ. ಬೆಳಿಗ್ಗೆ ಪೊಲೀಸ್ನೋರು ಫೋನ್ ಮಾಡಿದ ಮೇಲೆ ಸೇರಿಸಿದೆ. ತಾಯಿ, ನಿಮ್ಮ ಕಣ್ಣಿಗೆ ನಮಸ್ಕಾರ."

"ನಿನ್ನ ರೆಕ್ಕೆಗೂ ನಮಸ್ಕಾರ ಕಣಪ್ಪ," ಎಂದಳು ಮಂಚಮ್ಮ ಮೆಲ್ಲಗೆ.

ಅಂದರೆ ರಾಜೇಂದ್ರನ ಕೈ ಸರಿ. ಅವನು ಕಟ್ಟಿ ಕಳಿಸಿದ್ದು ಹೆಣ್ಣುಮರಿಗಳನ್ನೇ. ಉಳಿದದ್ದು ದಾರಿ, ದಾರಿಯಲ್ಲಿ ಉಳಿದದ್ದು ಒಬ್ಬನೇ. ಮಂಚಮ್ಮ ಎದ್ದು ಗೇಟಿನ ಬಳಿ ನಿಂತಿದ್ದ ಕಿರಣ್ ಎದುರು ಹೋದಳು. ದೂರು ಕೊಟ್ಟಾಗಲೂ ಇಂಥ ಮುಖ ಇರಲಿಲ್ಲ. ದೂರು ಸುಳ್ಳಾಗಲಿ ಎಂದೇ ಅವಳು ದೂರು ಕೊಟ್ಟಿದ್ದಳು ಎಂದು ಮಹಾದೇವಸ್ವಾಮಿಗೆ ಆಗ ಹೊಳೆಯಿತು.

"ಎಲ್ಲಿ ಓಗಿದ್ದೆ ಆವತ್ತು? ಏಳ್ಬುಡು ಕಣ್ಲಾ. ಲಿಖಿತಾಗೆ ನಾನು ಏನಂತ ಏಳ್ಲಿ?"

ಕಿರಣ್ ಎರಡೂ ಕೈಯಲ್ಲಿ ಟೋಪಿ ಹಿಡಿದುಕೊಂಡಿದ್ದ, ಗಾಳಿಯೇ ಇಲ್ಲದಿದ್ದರೂ.

ಮಹಾದೇವಸ್ವಾಮಿ ಅಂಗೈಯ ಮರಿಯನ್ನು ನೋಡುತ್ತ ಯೋಚಿಸಿದ. ಕಟ್ಟಿ ಕಳಿಸಿದ್ದು ಗೊತ್ತಾಯಿತು. ಬಂದು ಮುಟ್ಟಿದ್ದು ಏನು ಅಂತ ಯಾರು ನೋಡಿದರು?

"ರಾಜೇಂದ್ರ ಅವರೇ, ಮರಿ ಮುಟ್ಟಿದ ಮೇಲೆ ನಿಮಗೆ ಯಾರಾದ್ರೂ ತಿಳಿಸಿದ್ರಾ?"

"ತಿಳಿಸ್ದೆ ಇರ್ತಾರಾ? ಗಾಡಿಯಿಂದ ಇಳಿಸಿದ ತಕ್ಷಣ ಹತ್ತು ಮರಿ ರೆಕ್ಕೆ ಬಿಡಿಸಿ ವಿಡಿಯೋ ಕಳಿಸಿ ಅಂತ ಎಲ್ಲರಿಗೂ ಹೇಳ್ತೀನಿ. ನಾಳೆ ತಕರಾರು ಬಂದ್ರೆ ನನಗೆ ಆಧಾರ ಬೇಕಲ್ಲ. ಇವರ ಮಗಳು ಕಳಿಸಿದಾರೆ."

"ಇದನ್ನ ಮೊದಲೇ ಹೇಳಬಾರದಾ?"

"ಇವರು ಹೇಳೋಕೆ ಬಿಟ್ರಾ ಸಾರ್? ನನ್ನ ವಂಶನೆಲ್ಲ ಬೈದು ಫೋನಿಟ್ರು."

ಮೂವರೂ ಫೋನಿನ ಮೇಲೆ ಬಗ್ಗಿದರು. ಹಸಿರು ಬಳೆ ತೊಟ್ಟ ಕೈಯೊಂದು ಪೆಟ್ಟಿಗೆಯಿಂದ ಮರಿ ಎತ್ತಿ ರೆಕ್ಕೆ ಬಿಡಿಸುತ್ತಿತ್ತು. "ಬಂದು ಸೇರಿದ್ವು ಸರ್, ಎಲ್ಲ ಚೆನ್ನಾಗವೆ," ಲಿಖಿತಾಳ ದನಿ. ಹಿಂದೆ ನೀಲಿ ಬಾಗಿಲಿನ ಶೆಡ್ಡು. ಇನ್ನೂ ಹಿಂದಿನಿಂದ ಮಂಚಮ್ಮನದೇ ಕೂಗು: "ಬ್ಯಾಗ ಬಲ್ಬು ಕೆಳೀಕ್ ಬುಡಮ್ಮಿ, ಚಳಿ ಆಯ್ತದೆ ಮರಿಗೆ!" ಕಳಿಸಿದ ಹೊತ್ತು, ಬೆಳಿಗ್ಗೆ ಹತ್ತು ಹದಿನಾಲ್ಕು.

ಮಹಾದೇವಸ್ವಾಮಿ ವಿಡಿಯೋ ನಿಲ್ಲಿಸಿ ಎರಡು ಬೆರಳಿನಿಂದ ಹಿಗ್ಗಿಸಿದ. ಒಂದುದ್ದ, ಒಂದು ಗಿಡ್ಡ. ಮುಂದಿನದು ನೋಡಿದ. ಒಂದುದ್ದ, ಒಂದು ಗಿಡ್ಡ. ಹತ್ತಕ್ಕೆ ಹತ್ತೂ ಹಾಗೇ.

"ಮಂಚಮ್ಮ," ಅವನು ಫೋನಿನಿಂದ ತಲೆ ಎತ್ತಿದ, "ನಿಮ್ಮ ಶೆಡ್ಡಿಗೆ ಬಂದಿದ್ದು ಹೆಣ್ಣುಮರೀನೇ. ದಾರೀಲಿ ಏನೂ ಆಗಿಲ್ಲ. ಈ ಹುಡುಗ ಕಳ್ಳ ಅಲ್ಲ."

ಕಿರಣ್ ಗೇಟಿನ ಕಂಬಕ್ಕೆ ಒರಗಿ ಕುಸಿದು ಕೂತ. ಮಂಚಮ್ಮ ಅವನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು. ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ಬೈಗುಳ.

"ಅಂಗಾದ್ರೆ ಎಲ್ಡೂವರೆ ಗಂಟೆ ಎಲ್ಲಿ ಸತ್ತಿದ್ದೆಲಾ, ಮುಟ್ಠಾಳ?"

ಕಿರಣ್ ನಿಧಾನವಾಗಿ ಟೋಪಿ ತೆಗೆದ.

ನಡುನೆತ್ತಿ ಬಟಾಬಯಲು. ಸುತ್ತ ಏನೋ ಹಸಿರು ಲೇಪ ಒಣಗಿ ಪದರ ಕಟ್ಟಿತ್ತು.

"ಬದನವಾಳ್ ತಾವ ಒಬ್ರು ನಾಟಿ ಔಷಧಿ ಕೊಡೋರವ್ರೆ ಅತ್ತೆ. ಸೊಪ್ಪು ಅರ್ದು ಹಚ್ಚಿ ಎರಡು ಗಂಟೆ ಬಿಸ್ಲಲ್ಲಿ ಕೂರುಸ್ತಾರೆ. ಮದ್ವೆ ಒಳ್ಗೆ ಕೂದ್ಲು ಬತ್ತದೆ ಅಂದ್ರು, ಅದ್ಕೇ ಆವತ್ತಿಂದ ದಿನಾ ಹಚ್ಕತಾವ್ನಿ. ಮರಿ ಪೆಟ್ಗೇನ ನೆಳ್ಳಲ್ಲೇ ಇಟ್ಟಿದ್ದೆ, ದೇವ್ರಾಣೆ. ಲಿಖಿತಾಗೆ ಗೊತ್ತಿಲ್ಲ... ಅವ್ಳು ನನ್ನ ನೋಡಿದ್ದೆಲ್ಲ ಟೋಪೀಲೇ."

ರಾಜೇಂದ್ರ ಗಂಭೀರವಾಗಿ ಗೋಡೆಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು.

ಮಂಚಮ್ಮ ನಗಲಿಲ್ಲ. ಬಗ್ಗಿ, ಮರಿಯನ್ನು ನೋಡಿದ ಹಾಗೇ ಅವನ ನೆತ್ತಿಯನ್ನು ಹಿಡಿದು ನೋಡಿದಳು, ಹೆಬ್ಬೆರಳಿನಿಂದ ಸವರಿದಳು. "ಥೂ ನಿನ್ನ. ಇಷ್ಟಕ್ಕಾ ಜೈಲ್ಗೋಗಾಕೆ ತಯಾರಾಗಿದ್ದೆ? ನಮ್ಮ ಮನೆಯೋರ್ಗೂ ಮದ್ವೇಲಿ ಇಷ್ಟೇ ಇದ್ದಿದ್ದು. ಏಳ್ಲಾ ಮ್ಯಾಕ್ಕೆ."

ಅಷ್ಟರಲ್ಲಿ ಮಹಾದೇವಸ್ವಾಮಿಯ ತಲೆ ಬೇರೆ ಲೆಕ್ಕ ಹಾಕುತ್ತಿತ್ತು. ಹತ್ತು ಹದಿನಾಲ್ಕಕ್ಕೆ ಶೆಡ್ಡಿನಲ್ಲಿ ಹೆಣ್ಣುಮರಿ. ಈಗ ಅದೇ ಶೆಡ್ಡಿನಲ್ಲಿ ಗಂಡುಮರಿ, ಅದೂ ಅದೇ ವಯಸ್ಸಿನವು.

"ಶೆಡ್ಡಿಗೆ ಬೀಗ ಇದೆಯಾ ಮಂಚಮ್ಮ?"

"ಅದೆ. ಬೀಗದ ಕೈ ಎಲ್ಡು. ಒಂದು ನನ್ನ ಸೊಂಟದಲ್ಲಿ."

"ಇನ್ನೊಂದು?"

ಮಂಚಮ್ಮನ ಕೈ ಸೊಂಟದ ಬೀಗದ ಕೈಯನ್ನು ಬಿಗಿಯಾಗಿ ಹಿಡಿಯಿತು.

"ಆವತ್ತು ಮಧ್ಯಾಹ್ನ ನೀವು ಮನೇಲಿದ್ರಾ?"

"ಇಲ್ಲ ಸಾ. ಅಕ್ಕನ ಮೊಮ್ಮಗೀನ ನಾಮಕರಣ ಅಂತ ಓಗಿದ್ದೆ. ಮಾರ್ನೆ ದಿನ ಬಂದಿದ್ದು. ಮರಿ ನೋಡ್ಕಳಾಕೆ ಮನೇಲಿ ಇದ್ದಿದ್ದು..." ಅವಳು ಪಕ್ಕದ ಕಲ್ಲುಚಪ್ಪಡಿಯ ಮೇಲೆ ಮೆಲ್ಲಗೆ ಕೂತಳು.

ಮಹಾದೇವಸ್ವಾಮಿ ರಾಜೇಂದ್ರನ ಕಡೆ ತಿರುಗಿದ. "ಆ ದಿನದ ಗಂಡುಮರಿಗಳನ್ನ ಯಾರಿಗೆ ಕೊಟ್ರಿ?"

"ಯಾವಾಗಲೂ ಸಂತೇಲಿ ಬಣ್ಣ ಹಾಕಿ ಮಾರೋರು ತಗೊಂಡು ಹೋಗ್ತಾರೆ. ಆವತ್ತು ಮಾತ್ರ..." ರಾಜೇಂದ್ರ ಹಣೆ ತಿಕ್ಕಿಕೊಂಡ. "ಹನ್ನೆರಡೂವರೆ ಹೊತ್ತಿಗೆ ಒಬ್ಳು ಹುಡುಗಿ ಲಗೇಜ್ ಆಟೋ ತಂದ್ಲು ಸಾರ್. ಸರಿಯಾಗಿ ಮುನ್ನೂರು ಗಂಡೇ ಬೇಕು ಅಂದ್ಲು. ಗಂಡೇ ಬೇಕು ಅಂತ ಕೇಳಿದೋರನ್ನ ಇಪ್ಪತ್ತು ವರ್ಷದಲ್ಲಿ ನಾನು ನೋಡಿಲ್ಲ. ಮುಖಕ್ಕೆ ದುಪಟ್ಟಾ ಸುತ್ಕೊಂಡಿದ್ಲು, ಕಣ್ಣು ಮಾತ್ರ ಕಾಣ್ತಿತ್ತು."

"ಕೈ?"

"ಕೈ... ಹ್ಞಾ. ಹಸಿರು ಬಳೆ."

ಒಳಗೆ ಟ್ರೇಗಳಲ್ಲಿ ಸಾವಿರ ಮರಿಗಳು ಚಿಯ್ಯಗುಟ್ಟುತ್ತಿದ್ದವು. ಆಗಲೇ ಮಹಾದೇವಸ್ವಾಮಿಯ ಜೇಬಿನಲ್ಲಿ ಫೋನು ನಡುಗಿತು. ಠಾಣೆಯ ಮಹಿಳಾ ಕಾನ್ಸ್‌ಟೇಬಲ್ ರಾಣಿ. ಅವನು ನಾಲ್ಕು ಹೆಜ್ಜೆ ಆಚೆ ಸರಿದು ಶೆಡ್ಡಿನ ಮರೆಗೆ ನಿಂತ.

"ಸಾ, ಎಲ್ಲಿದ್ದೀರಾ? ಇನ್ನೊಂದು ಕೋಳಿ ಕೇಸು ಬಂದದೆ."

"ಇನ್ನೊಂದಾ?"

"ಇನ್ನೂರ ತೊಂಬತ್ತು ಹೆಣ್ಣುಮರಿ ನೆನ್ನೆಯಿಂದ ಕಾಣ್ತಿಲ್ವಂತೆ. ಕೂಡಿಟ್ಟಿದ್ದ ಜಾಗದಿಂದ ಯಾರೋ ಬೀಗ ತೆಗ್ದು ಎತ್ಕಂಡು ಹೋಗವ್ರೆ. ಮೂಗೂರಿನ ಹುಡ್ಗಿ ಸಾ, ಲಿಖಿತಾ ಅಂತ. ಇಲ್ಲೇ ಅಳ್ತಾ ಕೂತವ್ಳೆ. ಮರಿ ಬದ್ಲಾಯ್ಸಿ ಬಚ್ಚಿಟ್ಟಿದ್ದು ನಂದೇ ತಪ್ಪು, ಆದ್ರೂ ಮರಿ ಬೇಕು ಅಂತಾಳೆ. ನಂಗೇನೂ ಅರ್ಥ ಆಗ್ತಿಲ್ಲ."

ಮಹಾದೇವಸ್ವಾಮಿ ಗೋಡೆಗೆ ಒರಗಿದ. ಕದ್ದವಳ ಮಾಲೂ ಕಳವು. "ಯಾರ ಮೇಲಾದ್ರೂ ಅನುಮಾನ ಇದೆಯಾ ಕೇಳಮ್ಮ."

"ಕೇಳ್ದೆ ಸಾ. ಅದೆಯಂತೆ."

"ಯಾರ ಮೇಲೆ?"

"ಅವ್ರವ್ವನ ಮೇಲೆ."

ಮರಿಯನ್ನು ಎದೆಗವಚಿಕೊಂಡೇ ಅವನು ಶೆಡ್ಡಿನ ಮರೆಯಿಂದ ಈಚೆ ಬಂದ. ಕಲ್ಲುಚಪ್ಪಡಿಯ ಮೇಲೆ ಮಂಚಮ್ಮ ಇರಲಿಲ್ಲ. ಗೇಟಿನ ಬಳಿ ವ್ಯಾನಿನ ಎಂಜಿನ್ನು ಗುರ್ರೆಂದಿತು.

"ಲೋ ಕಿರಣ! ನಿಲ್ಲಿಸೋ!"

ಕಿಟಕಿಯೊಳಗಿನಿಂದ ಮಂಚಮ್ಮನ ದನಿ ಮಾತ್ರ ಕೇಳಿತು. "ಇಂದಕ್ ನೋಡ್ಬ್ಯಾಡ ಕಣ್ಲಾ, ಒತ್ತು!"

ಗೇಟು ದಾಟಿದ ವ್ಯಾನು ಮೂಗೂರಿನ ಕಡೆಗೆ ತಿರುಗಲಿಲ್ಲ.